ಕಾಶಮ್ಮನ ಚೀಲಕ್ಕೊಂದು ಬಿಸಿಲ ಹಾಳೆ

ಹೊಳೆದಂಡೆಯ ಆಶ್ರಮ. ಬಿಸಿಲಿನಿಂದ ಕರೆಂಟು ಕೊಡುವ ಹಾಳೆ ಮಾಡುವುದನ್ನು ಅಲ್ಲಿ ಗುರು ನಿರ್ವಾಣಪ್ಪನವರು ಕಲಿಸುತ್ತಿದ್ದರು. ತೆಳ್ಳನೆಯ ಪ್ಲಾಸ್ಟಿಕ್, ಅದರ ಒಂದು ಮೈಗೆ ಪಾಲಿಮರ್ ಲೇಪ, ಅಷ್ಟೇ. ಗಾಜಿನ ಹಂಗಿಲ್ಲ.

ಆಚೆ ದಡದ ಸೂಲಗಿತ್ತಿ ಕಾಶಮ್ಮ ಅಂಥದ್ದೊಂದು ಹಾಳೆಗೆಂದು ಬಂದಳು. ಚೀಲಕ್ಕೆ ಹೊಲಿಸಿಕೊಂಡರೆ ಹಗಲು ನಡೆಯುವಾಗ ಬ್ಯಾಟರಿ ತುಂಬುತ್ತದೆ, ರಾತ್ರಿ ಹೆರಿಗೆಗೆ ದೀಪ ಸಿಗುತ್ತದೆ. ಆ ಕಡೆಯ ಊರುಗಳಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯ್ತು.

ಶಿಷ್ಯ ತೋಂಟೇಶ ತನ್ನ ಹಾಳೆಗೆ ಪುಟ್ಟ ಫ್ಯಾನು ಜೋಡಿಸಿ ಜಂಬದಿಂದ ಬಿಸಿಲಿಗೆ ಹಿಡಿದ. ಬಗ್ಗಿಸಿದ. ಬಿಟ್ಟ. ಮತ್ತೆ ಬಗ್ಗಿಸಿದ. ಫ್ಯಾನು ಗಿರ್ರನೆ ತಿರುಗುತ್ತಲೇ ಇತ್ತು.

“ಭಪ್ಪರೇ ಮಗನ!” ಎಂದಳು ಕಾಶಮ್ಮ.

ಗುರುಗಳು ನಗಲಿಲ್ಲ. “ಲೇಪ ಒಳಗ ಬರೂಹಂಗ ಬಗ್ಗಿಸಿದಿ. ಈಗ ಹೊರಗ ಬರೂಹಂಗ ಬಗ್ಗಿಸು.”

ತೋಂಟೇಶನ ಮುಖ ಹುಳ್ಳಗಾಯಿತು. ಲೇಪ ಒಳಗೆ ಬಂದರೆ ಒತ್ತಿಕೊಂಡು ತಾಳಿಕೊಳ್ಳುತ್ತದೆ, ಹೊರಗೆ ಬಂದರೆ ಜಗ್ಗಿ ಬಿರಿಯುತ್ತದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಒಂದೇ ಕಡೆ ಬಗ್ಗಿಸಿ ತೋರಿಸಿ ಎಲ್ಲರಿಂದ ಶಹಬ್ಬಾಸ್ ಗಿಟ್ಟಿಸಿದ್ದ.

“ಅಕ್ಕಾ, ಈ ಕಡೆಗಷ್ಟ ಮಡಚ್ರಿ, ಏನೂ ಆಗೂದಿಲ್ಲ” ಎಂದ.

“ದೋಣಿ ಹತ್ತೂ ಮುಂದ ಯಾವ ಕಡೆ ಮಡಚ್ತದಂತ ನಾ ನೋಡ್ಕೋತ ಕೂಡ್ಲೇನಪಾ?” ಎನ್ನುತ್ತಾ ಕಾಶಮ್ಮ ತಾನೇ ಹಾಳೆಯನ್ನು ಚೀಲದ ಉಬ್ಬಿಗೆ ಸುತ್ತಿದಳು. ಲೇಪ ಹೊರಗಿತ್ತು.

ಫ್ಯಾನು ತಡವರಿಸಿತು. ನಿಂತೇಬಿಟ್ಟಿತು.

“ಅಯ್ಯ ಶಿವನ! ಕೂಸಿನ ತಲಿ ಕಾಣೂ ಹೊತ್ತಿನ್ಯಾಗ ದೀಪ ಹಿಂಗ ಕೈ ಕೊಟ್ಟಿದ್ರ?”

ತೋಂಟೇಶ ನೆಲ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಲೇಪದಾಗ ಉದ್ದನ್ನ ಎಳಿಯ ಪಾಲಿಮರ್ ಬೆರಸು, ಜಗ್ಗಿದ್ರೂ ಬಿರಿಯೂದಿಲ್ಲ ಅಂದಿದ್ದೆ. ಬೆರಸಿದ್ಯಾ?” ಗುರುಗಳು ಕೇಳಿದರು.

“ಇಲ್ರೀ.”

“ಯಾಕ?”

“ಬೆರಸಿದ್ರ ಕರೆಂಟು ಒಂಚೂರು ಇಳೀತದ್ರೀ. ಎಲ್ಲಾರಕಿಂತ ನನ್ನ ಹಾಳೀನ ಹೆಚ್ಚು ಕೊಡಬೇಕಂತ…”

ಕಾಶಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಳೆಯನ್ನು ಬಿಚ್ಚಿ ಅವನ ಕೈಗಿಟ್ಟು, ಚೀಲ ಹೆಗಲಿಗೇರಿಸಿ ದೋಣಿಯತ್ತ ನಡೆದಳು.

ತೋಂಟೇಶ ಅಲ್ಲೇ ಕುಕ್ಕರಿಸಿ ಅತ್ತ.

“ನಾಚಿಕಿ ಆಗ್ಯದ್ರೀ ಗುರುಗಳ. ಇನ್ನ ಆಕಿಗೆ ಹೆಂಗ ಮುಖ ತೋರಿಸ್ಲಿ?”

“ನಿನ್ನ ಮುಖ ತಗೊಂಡು ಆಕಿ ಏನ್ ಮಾಡ್ತಾಳಲೇ? ಆಕಿಗೆ ಬೆಳಕು ಬೇಕಾಗ್ಯದ.”