ಅರಮನೆಯ ಬಚ್ಚಲಿಗೆ ಬಿರಡೆ

ಹೊನ್ನಗೆರೆ ಸೀಮೆಯ ದೊರೆ ಸೋಮಭೂಪನಿಗೆ ನೀರೆಂದರೆ ಪ್ರಾಣ. ದೊಡ್ಡ ಕೆರೆ ಕಟ್ಟಿಸಿದ, ಕಾಲುವೆ ತೋಡಿಸಿದ, ಪ್ರತಿ ಊರಿನ ಗದ್ದೆಬಯಲಿನ ತಲೆಯಲ್ಲೂ ಒಂದು ಅಳತೆಗಲ್ಲು ನೆಡಿಸಿದ. ಒಳಗೆ ಎಷ್ಟು ನೀರು ಬಂತೆಂದು ಆ ಕಲ್ಲು ಹೇಳುತ್ತಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ದೊರೆ ಎಂದು ಹೇಳಿ ನಾವೂ ಕತೆ ಮುಗಿಸಿ ಊಟಕ್ಕೆ ಏಳಬಹುದಿತ್ತು.

ಆದರೆ ಒಂದು ದಿನ ಸವಾರಿ ಹೊರಟಾಗ, ಗದ್ದೆಗಳ ಕೆಳಗಿನ ಬಸಿಗಾಲುವೆಯಲ್ಲಿ ನೀರು ಹರಿದುಹೋಗುವುದು ಅವನ ಕಣ್ಣಿಗೆ ಬಿತ್ತು. ನನ್ನ ಕೆರೆಯ ನೀರು ನನ್ನೆದುರೇ ಓಡಿಹೋಗುತ್ತಿದೆಯಲ್ಲ ಎಂದು ಹೊಟ್ಟೆ ಉರಿದುಕೊಂಡ. ಮಾರನೆಯ ದಿನವೇ ಡಂಗುರ ಹೊಡೆಸಿದ. ಬಸಿಗಾಲುವೆಗಳನ್ನೆಲ್ಲ ಮುಚ್ಚಬೇಕು, ಮುಚ್ಚಿದ್ದನ್ನು ತೆರೆದವರ ಆಸ್ತಿ ಅರಮನೆಗೆ ಸೇರುತ್ತದೆ.

ಎರಡು ಬೆಳೆ ಕಳೆಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ದೊರೆ ಮೀಸೆ ತೀಡುತ್ತ ಓಲಗದಲ್ಲಿ ಕುಳಿತಿದ್ದ.

"ಒಳಗೆ ಬಂದ ನೀರು ಕಲ್ಲಿನ ತುದಿಯವರೆಗೆ. ಹೊರಗೆ ಹೋದದ್ದು ಒಂದು ಹನಿಯೂ ಇಲ್ಲ. ಇಂಥ ಲೆಕ್ಕವನ್ನು ಬೇರೆ ಯಾವ ದೊರೆ ತೋರಿಸಿಯಾನು?"

ಯಾರೂ ಇಲ್ಲ ಎಂದು ಓಲಗವೆಲ್ಲ ಒಪ್ಪಿತು. ವಿದೂಷಕ ತಿಪ್ಪರಸನೂ ತಲೆಯಾಡಿಸಿದ. ತನಗೆ ಸಂಬಳ ಬರುವುದರಲ್ಲಿ ಅರ್ಧ ತಲೆಯಾಡಿಸುವುದಕ್ಕೆ ಎಂದು ಅವನು ಬಲ್ಲ.

ಅಷ್ಟರಲ್ಲಿ ಕಾವಲಿನವರು ಸಾಕವ್ವ ಎಂಬ ರೈತಹೆಂಗಸನ್ನು ಎಳೆದುತಂದರು. ಅವಳು ತನ್ನ ಗದ್ದೆಯ ಬಸಿಗಾಲುವೆಯನ್ನು ತೆರೆದಿದ್ದಳು.

"ಯಾಕಮ್ಮ ತೆರೆದೆ?" ಎಂದ ದೊರೆ.

"ನೀರು ಒಳಕ್ಕೆ ಬತ್ತದೆ, ಆಚೆಗೆ ಓಗಾಕಿಲ್ಲ ಬುದ್ಧಿ. ಪೈರಿನ ಬೇರು ಕೊಳ್ತೋಯ್ತು. ಒಣಗಿದ ಕಡೆಯೆಲ್ಲ ಉಪ್ಪು ಬೆಳ್ಳಗೆ ಮ್ಯಾಲಕ್ಕೆದ್ದೈತೆ. ನಮ್ಮತ್ತೆ ಕಾಲದಿಂದ ಅನ್ನ ಕೊಟ್ಟ ಗದ್ದೆ ಅದು. ಈಗ ಹುಲ್ಲೂ ಉಟ್ಟಾಕಿಲ್ಲ."

"ನೀರು ಕುಡಿದು ಯಾರಾದರೂ ಸಾಯುತ್ತಾರೆಯೇ? ಆ ಮಣ್ಣಿಗೆ ನೀರು ಇನ್ನೂ ಸಾಲದು."

ತಿಪ್ಪರಸನ ಕಣ್ಣು ಸಾಕವ್ವನ ಪಾದಗಳ ಮೇಲೆ ಬಿತ್ತು. ಬಿರುಕುಬಿಟ್ಟ ಹಿಮ್ಮಡಿಯ ತುಂಬ ಬಿಳಿಯ ಉಪ್ಪು ಹತ್ತಿತ್ತು. ಇವಳ ಗದ್ದೆ ಇವತ್ತು ಹೋದರೆ ಮತ್ತೆ ಬರುವುದಿಲ್ಲ. ಆದರೆ ದೊರೆಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆಗರೆದಂತೆ ಎಂಬುದೂ ಅವನಿಗೆ ಗೊತ್ತಿತ್ತು.

"ಪ್ರಭು, ಒಂದು ಸಂದೇಹ. ಈ ಕಟ್ಟಳೆ ಗದ್ದೆಗಳಿಗೆ ಮಾತ್ರವೋ, ಸೀಮೆಯ ನೀರಿಗೆಲ್ಲವೋ?"

"ನೀರಿಗೆಲ್ಲ."

"ಅರಮನೆಯ ನೀರಿಗೂ?"

"ಕಟ್ಟಳೆ ಎಂದರೆ ಕಟ್ಟಳೆ. ಸಾಕವ್ವನಿಗೊಂದು, ನನಗೊಂದು ಉಂಟೆ?"

"ಹಾಗಾದರೆ ಅರಮನೆಯ ಜವಾಬ್ದಾರಿ ನನಗಿರಲಿ. ಇವಳ ತೀರ್ಪನ್ನು ನಾಳೆ ಎಣ್ಣೆಸ್ನಾನ ಮುಗಿಸಿಕೊಂಡೇ ಕೊಡಿ. ತಲೆ ತಣ್ಣಗಿರುತ್ತದೆ."

ದೊರೆ ಹೂಂ ಎಂದ. ತಿಪ್ಪರಸ ನೇರವಾಗಿ ಬಚ್ಚಲಮನೆಗೆ ನಡೆದ. ಹಳೇ ಬಟ್ಟೆಗೆ ತೆಂಗಿನ ನಾರು ಸುತ್ತಿ, ಗೋಡೆಯ ಬುಡದ ಬಚ್ಚಲಕಿಂಡಿಗೆ ಗಟ್ಟಿಯಾಗಿ ಬಿರಡೆ ಜಡಿದ. ಮೂಲೆಯಲ್ಲಿ ಒಂದು ಅಳತೆಕೋಲನ್ನೂ ನಿಲ್ಲಿಸಿದ.

ಬೆಳಗಿನ ಜಾವ ದೊರೆ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತ. ಹಬ್ಬದ ಹಂಡೆ ಕುದಿಯುತ್ತಿತ್ತು. ತಲೆಗೆ ಸೀಗೆಪುಡಿ ಬಿದ್ದದ್ದೇ ತಡ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಆಳುಗಳು ಕೊಡದ ಮೇಲೆ ಕೊಡ ಸುರಿದರು. ಬಚ್ಚಲಮನೆಗೆ ಮೊಣಕಾಲೆತ್ತರದ ಹೊಸ್ತಿಲಿತ್ತು, ನೀರು ಎಲ್ಲಿಗೂ ಹೋಗಲಿಲ್ಲ. ಹೊಸ್ತಿಲಾಚೆ ತಿಪ್ಪರಸ ನಿಂತಿದ್ದ.

"ತಿಪ್ಪರಸ, ಕಾಲಿಗೆ ಏನೋ ಜಿಡ್ಡು ಹತ್ತುತ್ತಿದೆ. ಇಲ್ಲಿ ನೀರು ನಿಂತಿದೆ."

"ನಿಂತಿದೆ ಪ್ರಭು. ಅಳತೆಕೋಲಿನ ಪ್ರಕಾರ ಒಳ್ಳೆಯ ವರ್ಷ."

"ಗಲೀಜು ನೀರು ಕಣೋ."

"ತಮ್ಮದೇ ಪ್ರಭು. ಹೊರಗಿನವರದು ಏನೂ ಸೇರಿಲ್ಲ."

"ಒಳ್ಳೆಯ ನೀರು ಸುರಿಯಿರಿ."

ಸುರಿದರು. ಒಳ್ಳೆಯ ನೀರು ಕೆಟ್ಟ ನೀರಿಗೆ ಸೇರಿ ಕೆಟ್ಟ ನೀರೇ ಹೆಚ್ಚಾಯಿತು. ಎಣ್ಣೆ, ಸೀಗೆ, ಉದುರಿದ ಕೂದಲು ಎಲ್ಲ ತೇಲುತ್ತ ಬಂದು ದೊರೆಯ ಸೊಂಟ ಸುತ್ತಿದವು. ಮಣೆಯೂ ತೇಲಲು ಹವಣಿಸಿತು. ಮೈ ತುರಿಸತೊಡಗಿತು.

"ಬಚ್ಚಲಕಿಂಡಿ ಏನಾಯಿತು?"

"ಕಟ್ಟಳೆಯಂತೆ ಮುಚ್ಚಿದ್ದೇನೆ. ಒಂದು ಹನಿಯೂ ಹೊರಗೆ ಹೋಗಿಲ್ಲ."

"ತೆಗಿ ಅದನ್ನು."

"ತೆಗೆದವರ ಆಸ್ತಿ ಅರಮನೆಗೆ ಸೇರುತ್ತದಂತೆ. ನನಗಿರುವುದು ಒಂದೇ ಮನೆ, ಅದೂ ಸೋರುತ್ತದೆ."

ಆಳುಗಳಿಗೂ ಮನೆಗಳಿದ್ದವು. ಅವರು ಗೋಡೆ ನೋಡುತ್ತ ನಿಂತರು. ದೊರೆ ಕಣ್ಣು ಮುಚ್ಚಿಕೊಂಡೇ ಅಂಬೆಗಾಲಿಟ್ಟು, ಗೋಡೆಯ ಬುಡ ತಡಕಿ, ತನ್ನ ಕೈಯಿಂದಲೇ ಬಿರಡೆ ಕಿತ್ತ. ನೀರು ಗೊಳಗೊಳ ಎಂದು ಹಿತ್ತಲಿನ ಬಾಳೆಯ ಬುಡಕ್ಕೆ ಹರಿಯಿತು.

"ಪ್ರಭು, ಕಟ್ಟಳೆಯಂತೆ ತಮ್ಮ ಆಸ್ತಿಯೆಲ್ಲ ಅರಮನೆಗೆ ಸೇರಿತು," ಎಂದ ತಿಪ್ಪರಸ.

"ಅರಮನೆ ನನ್ನದೇ ಅಲ್ಲವೇನೋ?"

"ಅದಕ್ಕೇ ತಮಗೆ ನಷ್ಟವಿಲ್ಲ. ಸಾಕವ್ವನಿಗೆ ಬೇರೆ ಅರಮನೆ ಇಲ್ಲ."

ದೊರೆ ಮತ್ತೆ ಮಣೆಯ ಮೇಲೆ ಕುಳಿತ. ಇನ್ನೊಂದು ಕೊಡ ಹೊಯ್ಯಿಸಿಕೊಂಡ. ಈ ಸಲ ನೀರು ಬಂತು, ಕೊಳೆ ತೆಗೆದುಕೊಂಡು ಹೋಯಿತು. ಮೈ ಹಗುರಾಯಿತು.

ಓಲಗದಲ್ಲಿ ಅವನು ಸಾಕವ್ವನ ಗದ್ದೆಯನ್ನು ಅವಳಿಗೇ ಬಿಟ್ಟುಕೊಟ್ಟ. ಗದ್ದೆಬಯಲಿನ ಬುಡದಲ್ಲೂ ಒಂದು ಅಳತೆಗಲ್ಲು ನೆಟ್ಟು, ಹೊರಗೆ ಹೋದ ನೀರನ್ನೂ ಅಳೆಯಬೇಕು, ಅದು ಕೆಳಗಿನ ಊರಿನ ಹೊಲಗಳಿಗೆ ಸೇರಬೇಕು ಎಂದ. ಸಾಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜನ ಜೈ ಎಂದರು. ಜೈ ಕೇಳಿದರೆ ಸೋಮಭೂಪ ಮಾತು ನಿಲ್ಲಿಸುವವನಲ್ಲ.

"ನೀರು ಹರಿಯುವುದೇ ಒಳ್ಳೆಯದು ಎಂದು ನನಗೆ ಅರಿವಾಗಿದೆ. ಇವತ್ತಿನಿಂದ ದೊಡ್ಡ ಕೆರೆಯ ತೂಬನ್ನೂ ಹಗಲೂ ರಾತ್ರಿ ತೆರೆದೇ ಇಡಿ. ಹೋದಷ್ಟೂ ಹೋಗಲಿ."

ತಿಪ್ಪರಸ ಕೈಮುಗಿದು ಎದ್ದು ನಿಂತ.

"ಪ್ರಭು, ತೂತು ಇರಬೇಕಾದದ್ದು ಬಚ್ಚಲಿಗೆ. ಹಂಡೆಗಲ್ಲ."