ಏಸಿ ಅಂಗಡಿಯೊಳಗಿನ ಸಂತೆ

ದುಡ್ಡಿದ್ದವರ ಬಡಾವಣೆಯಲ್ಲಿ ಒಂದು ಭಾರೀ ದಿನಸಿ ಅಂಗಡಿ. ಅಲ್ಲಿ ಬೂಷ್ಟು ಹಿಡಿದ ಚೀಸಿಗೂ ಗಾಜಿನ ಮನೆ ಉಂಟು, ಕೆಲಸದವರಿಗೆ ಒಂದು ಸ್ಟೂಲ್ ಇಲ್ಲ. ಅವರು ಕೂತರೆ ಅಂಗಡಿಯ ಮರ್ಯಾದೆ ಹೋಗುತ್ತದೆ ಅನ್ನೋದು ಮ್ಯಾನೇಜರ್ ವಿಶ್ವಜಿತನ ಕಾನೂನು. ಸೊಪ್ಪು ಜೋಡಿಸುವ ಚಿಕ್ಕತಾಯಮ್ಮನಿಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೂ ನಿಂತೂ ಮಂಡಿ ಊದಿ ತೆಂಗಿನಕಾಯಿಯಾಗಿತ್ತು.

ಒಂದು ದಿನ ಮ್ಯಾನೇಜರ್ ಅವಳ ಸೊಪ್ಪಿನ ಮೂಲೆಗೆ ಗತ್ತಿನಲ್ಲಿ ಬಂದ. "ನಾಳೆ ಓನರ್ ಮೇಡಂ ಬರ್ತಾರೆ. ಈ ಮೂಲೆ ಥೇಟ್ ಹಳ್ಳಿ ಸಂತೆ ಥರ ಕಾಣಬೇಕು. ಚೂರು ಹೆಚ್ಚುಕಮ್ಮಿ ಆದ್ರೂ ನಿನಗೆ ಕೆಲಸ ಇಲ್ಲ."

"ಆಯ್ತು ಸಾರ್."

ಮರುದಿನ ಅವಳು ಗೋಣಿಚೀಲ ಹಾಸಿದಳು. ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳನ್ನು ಸುತ್ತಲೂ ಜೋಡಿಸಿ, ನೀರು ಚಿಮುಕಿಸಿ, ನಟ್ಟನಡುವೆ ಕಾಲು ನೀಡಿ ಕೂತೇಬಿಟ್ಟಳು.

ಮ್ಯಾನೇಜರ್‌ಗೆ ಬೆವರಿಳಿಯಿತು. "ಏಳಮ್ಮ ಮೇಲೆ. ಮೇಡಂ ಕಾರು ಬಂತು."

"ಸೊಪ್ಪಿನೋಳು ನಿಂತ್ಕೊಂಡು ಮಾರೋ ಸಂತೆ ಎಲ್ಲಾದ್ರೂ ಕಂಡಿದ್ದೀರಾ ಸಾರ್? ಎದ್ರೆ ಹೆಚ್ಚುಕಮ್ಮಿ ಆಗುತ್ತೆ. ನನ್ನ ಕೆಲಸ ಹೋಗುತ್ತೆ."

ಅಷ್ಟರಲ್ಲಿ ಒಳಗೆ ಬಂದ ಮೇಡಂ ನಾಲ್ಕು ಫೋಟೋ ಹೊಡೆದುಕೊಂಡು, "ಚೆನ್ನಾಗಿದೆ ವಿಶ್ವಜಿತ್. ಇವರು ದಿನಾ ಹೀಗೇ ಕೂತಿರಲಿ," ಅಂದುಬಿಟ್ಟರು.

ದಿನವೆಲ್ಲಾ ಮೇಡಂ ಹಿಂದೆ ಸುತ್ತಿದ ಮ್ಯಾನೇಜರ್, ಸಂಜೆ ಸೊಂಟ ಹಿಡಿದುಕೊಂಡು ಸಂತೆ ಮೂಲೆಗೆ ಬಂದ. ಬೂಟಿನೊಳಗೆ ಅವನ ಕಾಲೂ ಊದಿತ್ತು.

"ಸ್ವಲ್ಪ ಜರುಗಮ್ಮ. ಎರಡು ನಿಮಿಷ ಕೂರ್ತೀನಿ."

ಚಿಕ್ಕತಾಯಮ್ಮ ಜರುಗಲಿಲ್ಲ. "ಸಂತೇಲಿ ಗಿರಾಕಿ ನಿಂತಿರಬೇಕು ಸಾರ್," ಅಂದಳು, ಆಕಳಿಸುತ್ತಾ. "ಎಷ್ಟು ಕಟ್ಟು ಕೊಡಲಿ?"