ಓಡುವವನು ನಿಂತಪ್ಪನಾದದ್ದು

ಕಡ್ಲಿಹಾಳದಿಂದ ಬಡಗಣ ದಿಕ್ಕಿಗೆ ಹೊರಟರೆ, ಜೋಳದ ಹೊಲಗಳು ಮುಗಿದು ಬಂಡೆಗಳು ಮೊದಲಾಗುವ ಕಡೆ, ಒಂದು ಬೋಳು ಗುಡ್ಡ ಎದುರಾಗುತ್ತದೆ. ನೆತ್ತಿಯ ಕೆಳಗೊಂದು ಗವಿ, ಗವಿಯೊಳಗೊಂದು ಲಿಂಗ. ಲಿಂಗಕ್ಕೆ ಗವಿಯಪ್ಪ ಎಂದು ಹೆಸರು. ನ್ಯಾಯವಾಗಿ ನೋಡಿದರೆ ಗುಡ್ಡವೂ ಗವಿಯಪ್ಪನ ಗುಡ್ಡವೇ ಆಗಬೇಕಿತ್ತು. ಆದರೆ ಆ ಹೆಸರು ಹಿಡಿದು ದಾರಿ ಕೇಳಿ ನೋಡಿ, ಎಮ್ಮೆ ಕಾಯುವವನೂ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ, "ಓ, ನಿಂತಪ್ಪನ ಗುಡ್ಡ ಅನ್ರಲ!" ಎಂದು ಕೈ ತೋರಿಸುತ್ತಾನೆ. ಮನೆಯೊಡೆಯ ಒಳಗೆ ಕೂತಿರುವಾಗಲೇ ಮನೆಗೆ ಬೇರೊಬ್ಬನ ಹೆಸರು ನಡೆಯುವುದೆಂದರೆ ಸಣ್ಣ ಮಾತಲ್ಲ. ನಿಂತಪ್ಪ ಯಾವ ದೇವರು ಎಂದು ಹೊಸಬರು ಕೇಳುತ್ತಾರೆ. ದೇವರಲ್ಲ, ಜೀವಮಾನವಿಡೀ ಓಡಿದ ಒಬ್ಬ ಮನುಷ್ಯ ಎಂದರೆ ನಗುತ್ತಾರೆ. ನಗಲಿ ಬಿಡಿ, ನಗುವುದಕ್ಕೇನು ಸುಂಕವೇ? ಕಥೆ ಮುಗಿಯುವ ಹೊತ್ತಿಗೆ ಸುಮ್ಮನಾಗುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಗಾಡಿದಾರಿಯೂ ಸರಿಯಾಗಿಲ್ಲದ ಕಾಲದಲ್ಲಿ, ಹೊಳೆದಂಡೆಯ ಕಡ್ಲಿಹಾಳದಲ್ಲಿ ಗಾದಿಲಿಂಗನೆಂಬವನಿದ್ದ. ಉದ್ದ ಕಾಲಿನ, ಒಣಕಲು ಮೈಯಿನ, ಮಾತು ಕಡಿಮೆಯ ಮನುಷ್ಯ. ಹೆಂಡತಿ ಹೆರಿಗೆಯಲ್ಲೇ ತೀರಿಹೋಗಿ, ಹಂಪವ್ವ ಎಂಬ ಹೆಣ್ಣುಕೂಸು ಮಾತ್ರ ಉಳಿದಿತ್ತು. ಕೂಸಿಗೆ ಹುಟ್ಟಿನಿಂದ ಉಬ್ಬಸ. ಒಂದು ಸಲವಂತೂ ಉಸಿರು ಸಿಕ್ಕಿಹಾಕಿಕೊಂಡು ತುಟಿ ನೀಲಿಗಟ್ಟಿತು. ಗಾದಿಲಿಂಗ ಮಗಳನ್ನು ಎದೆಗವಚಿಕೊಂಡು ನಾಲ್ಕು ಹರದಾರಿ ಓಡಿ ಗವಿಯಪ್ಪನ ಮುಂದೆ ಮಲಗಿಸಿದ. ಗವಿಯ ಪೂಜೆ ಮಾಡುತ್ತಿದ್ದ ಮರುಳಯ್ಯನವರು ವಿಭೂತಿ ಹಚ್ಚಿ, ಕೂಸು ಉಸಿರೆಳೆದುಕೊಂಡ ಮೇಲೆ ಹೇಳಿದ ಮಾತು ಇದು: "ಪ್ರತಿ ಸೋಮವಾರ ಹೊಳಿ ನೀರು ತಂದು ಲಿಂಗದ ಮ್ಯಾಲೆ ಎರಿ. ಹೊಳಿ ಬಿಟ್ಟ ಕಾಲು ಗವಿ ಮುಟ್ಟೂ ತನಕ ನಿಲ್ಲಬಾರ್ದು. ಬಾಯಿ ಬಿಚ್ಚಬಾರ್ದು. ನಿನ್ನ ಕಾಲು ನಿಂತ ದಿನ ಕೂಸಿನ ಉಸಿರು ನಿಂತೀತು, ನೆನಪಿರಲಿ."

ಅಂದಿನಿಂದ ಮಳೆಯಿರಲಿ, ಬೆಂಕಿಯಂಥ ಬಿಸಿಲಿರಲಿ, ಸೋಮವಾರ ಬೆಳಗಾದರೆ ಹೆಗಲಿಗೆ ತಾಮ್ರದ ಕೊಡ, ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಅವನು ಹೊರಟನೆಂದೇ ಅರ್ಥ. ಹೋಗುವಾಗ ಅವನ ಕಾಲು ದೇವರದ್ದು. ಬರುವಾಗ ಅದು ಊರಿನದ್ದು. ಬರಿಗೊಡ ಹೊತ್ತು ಹಿಂದಿರುಗುವಾಗ ಹಾದಿಯ ಹಳ್ಳಿಗಳಲ್ಲಿ ನಿಂತು ನಿಂತು ಬರುತ್ತಿದ್ದ. ಮುದುಕಿಗೆ ಕಷಾಯದ ಬೇರು ಕಿತ್ತು ಕೊಡುವುದು, ತವರಿನ ಸುದ್ದಿ ಮುಟ್ಟಿಸುವುದು, ಸತ್ತವರಿಗೆ ಹೆಗಲು ಕೊಡುವುದು, ಬಾವಿಗೆ ಬಿದ್ದ ಕರುವನ್ನು ಎತ್ತುವುದು, ಹೀಗೆ ಯಾರ ಕೆಲಸಕ್ಕೂ ಇಲ್ಲವೆನ್ನಲಿಲ್ಲ. ಇತ್ತ ಹಂಪವ್ವ ಮದುವೆಯ ವಯಸ್ಸಿಗೆ ಬಂದಳು. ಉಬ್ಬಸ ಪೂರಾ ಬಿಡಲಿಲ್ಲ, ಆದರೆ ಉಸಿರು ನಿಲ್ಲಲಿಲ್ಲ. ಅವಳ ಒಂದೊಂದು ಉಸಿರೂ ತನ್ನ ಕಾಲಿನ ಋಣವೆಂದೇ ಅಪ್ಪ ನಂಬಿದ್ದ.

ಹಾದಿಯ ಜನರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಂಟೆಯ ಸದ್ದು ಕೇಳಿದೊಡನೆ ಬದಿಗೆ ಸರಿಯುವುದು, ಕೈಮುಗಿದು ಕಣ್ಣು ಮುಚ್ಚಿ ತಲೆ ತಗ್ಗಿಸುವುದು, ಸದ್ದು ದೂರವಾಗಿ ಅಡಗುವವರೆಗೆ ಹಾಗೇ ಇರುವುದು. ತೀರ್ಥ ಹೊತ್ತವನ ಮುಖ ನೋಡಿದರೆ ಅವನ ಓಟಕ್ಕೆ ದೃಷ್ಟಿ ತಾಗೀತೆಂಬ ಅಂಜಿಕೆ. ತುಂಟ ಮಕ್ಕಳ ಕಣ್ಣಿಗೆ ತಾಯಂದಿರು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರಂತೆ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಪದ್ಧತಿಯೇ. ಆದರೆ ಒಳ್ಳೆಯ ಮನಸ್ಸಿನವರು ಕಣ್ಣು ಮುಚ್ಚಿಕೊಂಡರೆ ಏನಾದೀತೆಂದು ಯಾರು ಯೋಚಿಸಿದ್ದರು?

ಮುಂಗಾರಿನ ಮೊದಲ ದಿನಗಳು. ಇಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲ, ಪಡುವಣದ ಮೇಲ್ಸೀಮೆಯಲ್ಲಿ ಮಾತ್ರ ಧೋ ಎಂದು ಸುರಿದು, ಹಾದಿಯಲ್ಲಿ ಸಿಗುವ ದೊಡ್ಡಕೆರೆ ಒಂದೇ ಸಮನೆ ತುಂಬಿಕೊಂಡಿತ್ತು. ಕೆರೆಯ ಕೆಳಗಿನ ಹಳ್ಳದಲ್ಲಿ ಮಾತ್ರ ತೊಟ್ಟು ನೀರಿಲ್ಲ, ಬರೀ ಮರಳು. ಆ ಮರಳಿನಲ್ಲಿ ಕುರುಬರು ಹಟ್ಟಿ ಹಾಕಿದ್ದರು. ಕುರಿಯ ಉಣ್ಣೆ ಕತ್ತರಿಸುವ ಕಾಲ. ಮಣ್ಣು ಹತ್ತದೆ ಉಣ್ಣೆ ಸ್ವಚ್ಛವಾಗಿ ಬರಲೆಂದು ಮರಳೇ ಅವರಿಗೆ ಪ್ರೀತಿ. ಹೆಂಗಸರು, ಮಕ್ಕಳು, ಹೊಂಗೆಯ ಕೊಂಬೆಗೆ ಕಟ್ಟಿದ ಜೋಲಿಗಳಲ್ಲಿ ಮಲಗಿದ ಹಸುಗೂಸುಗಳು, ಎಲ್ಲವೂ ಅಲ್ಲೇ. ಗವಿಯ ದಾರಿಯೂ ಕೆರೆಯ ಏರಿಯ ಮೇಲೆ ಹಾದು ಅದೇ ಹಳ್ಳಕ್ಕಿಳಿದು ಹೋಗುತ್ತಿತ್ತು.

ಅಂದು ಸೋಮವಾರ. ಗಾದಿಲಿಂಗ ಏರಿಯ ಮೇಲೆ ಬರುವಾಗ ತೂಬಿನ ಬಳಿ ಕೆರೆ ಕಾಯುವ ನೀರಗಂಟಿ ದ್ಯಾವಪ್ಪ ಹುಚ್ಚನಂತೆ ಬುಟ್ಟಿ ಬುಟ್ಟಿ ಮಣ್ಣು ಸುರಿಯುತ್ತಿದ್ದ. ದ್ಯಾವಪ್ಪನಿಗೆ ಒಂದು ಕಾಲು ಸೊಟ್ಟ. ಗಂಟೆ ಕೇಳಿ ಅವನು ಕಣ್ಣು ಮುಚ್ಚಲಿಲ್ಲ, ಕೂಗಿದ: "ಗಾದಿಲಿಂಗಾ! ಕಟ್ಟಿ ಬುಡದಾಗ ಕೆಂಪು ನೀರು ಬರಾಕ ಹತ್ತೇತಿ! ಕೆರಿ ಉಳಿಯಂಗಿಲ್ಲ! ಹಳ್ಳದಾಗ ಹಟ್ಟಿ ಐತಿ, ನನ್ನ ಕಾಲು ಮುಟ್ಟಂಗಿಲ್ಲೋ! ಹೇಳೋ ನನ್ನಪ್ಪಾ!" ಗಾದಿಲಿಂಗ ಓಡುತ್ತಲೇ ಕೆಳಗೆ ನೋಡಿದ. ಏರಿಯ ಬುಡದಿಂದ ಕೆಮ್ಮಣ್ಣಿನ ನೀರು ಬುಗ್ಗೆ ಬುಗ್ಗೆಯಾಗಿ ಚಿಮ್ಮುತ್ತಿತ್ತು. ತಿಳಿನೀರು ಜಿನುಗಿದರೆ ಅಂಜಬೇಕಿಲ್ಲ, ಕೆಂಪಾಗಿ ಬಂದರೆ ಕಟ್ಟೆಯೇ ಒಳಗೊಳಗೆ ಕರಗುತ್ತಿದೆ ಎಂದರ್ಥ. ಆದರೂ ಬಾಯಿ ಬಿಚ್ಚಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಹಿಂದಿನಿಂದ ದ್ಯಾವಪ್ಪ ಬೈಯುವುದು ಕೇಳುತ್ತಲೇ ಇತ್ತು.

ಏರಿ ಇಳಿದು ಹಳ್ಳ ಸೇರುವವರೆಗೆ ಅವನು ಓಡಿದ ಓಟ ಹಿಂದೆ ಯಾವತ್ತೂ ಓಡಿದ್ದಲ್ಲ ಎನ್ನುತ್ತಾರೆ. ಕಾಲು ಹಾರುತ್ತಿತ್ತು, ತಲೆ ಮಾತ್ರ ಅತ್ತ ದರಿ ಇತ್ತ ಪುಲಿ ಎಂಬಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಿಂತರೆ ಮಗಳು ಹೋದಳು. ನಿಲ್ಲದಿದ್ದರೆ ಇಡೀ ಹಟ್ಟಿ ಹೋಯಿತು. ನಿಲ್ಲದೆಯೇ ತಿಳಿಸಿದರಾಯಿತು ಎಂದು ಮನಸ್ಸಿಗೆ ತಾನೇ ಒಂದು ಉಪಾಯ ಹೇಳಿಕೊಂಡ. ಹಟ್ಟಿ ಕಂಡೊಡನೆ ಕೈ ಬೀಸಿದ, ದಡದ ಕಡೆ ತೋರಿಸಿದ, ಗಂಟೆಯನ್ನು ಕಿತ್ತುಹೋಗುವಂತೆ ಅಲ್ಲಾಡಿಸಿದ. ಅಯ್ಯೋ, ನೋಡುವವರಾರು? ಗಂಟೆ ಕೇಳಿದ್ದೇ ತಡ, ಗಂಡಸರು ಕತ್ತರಿ ಕೆಳಗಿಟ್ಟು ಕೈಮುಗಿದರು. ಹೆಂಗಸರು ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು. ಗಂಟೆ ಜೋರಾದಷ್ಟೂ ಅವರ ಭಕ್ತಿ ಹೆಚ್ಚಿತು. ಹಟ್ಟಿಯ ಹಿರಿಯಳಾದ ಬೀರವ್ವ, "ಈ ಹೊತ್ತು ಗವಿಯಪ್ಪ ಭಾಳ ಅವಸರದಾಗ ಅದಾನ, ಗಟ್ಟಿ ಕಣ್ಣು ಮುಚ್ಚ್ರೆ" ಎಂದಳಂತೆ. ಎಲ್ಲರೂ ಗಟ್ಟಿಯಾಗಿ ಮುಚ್ಚಿದರು.

ಗಾದಿಲಿಂಗ ಅವರನ್ನು ದಾಟಿ ಮುಂದೆ ಹೋದ. ಇದನ್ನು ಕೆಲವರು ಮುಚ್ಚಿಡುತ್ತಾರೆ, ಬಂದವನೇ ನಿಂತನೆಂದು ಹೇಳಿಬಿಡುತ್ತಾರೆ. ಹಾಗಲ್ಲ, ದಾಟಿ ಹೋದದ್ದು ನಿಜ. ಹಟ್ಟಿಯ ಕೊನೆಯ ಜೋಲಿಯೂ ಹಿಂದಾಯಿತು. ಆಗ ಅವನ ಕಿವಿಯಲ್ಲಿ ಒಂದು ಹಳೆಯ ದನಿ ಎದ್ದಿತು. ಎಂದೋ ಒಂದು ಸೋಮವಾರ ಇದೇ ದಾರಿಯ ಜಾಲಿಗಿಡದಡಿ ಒಬ್ಬ ತುಂಬು ಬಸುರಿ ಒಬ್ಬಳೇ ನರಳುತ್ತ ಕೂತಿದ್ದಳು. "ಯಣ್ಣಾ, ನಿಂದ್ರೋ! ಯಣ್ಣಾ!" ಎಂದು ಕೈ ಚಾಚಿದ್ದಳು. ಅವನು ಹಲ್ಲು ಕಚ್ಚಿ ಓಡಿದ್ದ. ಗವಿಗೆ ನೀರೆರೆದು, ಸೂಲಗಿತ್ತಿಯನ್ನು ಹೆಚ್ಚು ಕಡಿಮೆ ಹೊತ್ತುಕೊಂಡೇ ಬಂದಿದ್ದ. ಬರುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಆ ಸಂಗತಿಯನ್ನು ಅವನು ಮಗಳಿಗೂ ಹೇಳಿರಲಿಲ್ಲ, ನುಂಗಲಾರದ ಉಗುಳಲಾರದ ತುತ್ತಾಗಿ ಇಟ್ಟುಕೊಂಡಿದ್ದ. ಈಗ ಹಿಂದೆ ಒಂದು ಜೋಲಿಯ ಕೂಸು ಕಿರ್ರೆಂದು ಅತ್ತಿತು.

ಗಾದಿಲಿಂಗ ನಿಂತ.

ಗಂಟೆಯೂ ನಿಂತಿತು. ಆ ಸದ್ದು ಸಣ್ಣದಾಗುತ್ತಾ ಆಗುತ್ತಾ ದೂರದಲ್ಲಿ ಅಡಗುವುದನ್ನು ಕೇಳಿದ್ದರೇ ಹೊರತು, ಹೀಗೆ ಹತ್ತಿರದಲ್ಲೇ ಫಕ್ಕನೆ ಇಲ್ಲವಾದದ್ದನ್ನು ಆ ಜನ ಒಮ್ಮೆಯೂ ಕೇಳಿರಲಿಲ್ಲ. ಒಬ್ಬೊಬ್ಬರಾಗಿ ತಲೆಯೆತ್ತಿ ಕಣ್ಣು ಬಿಟ್ಟರು. ಹಳ್ಳದ ನಟ್ಟನಡುವೆ, ಕೊಡವನ್ನು ಮರಳಿನ ಮೇಲಿಟ್ಟು, ತೀರ್ಥ ಹೊರುವವನು ಇವರತ್ತ ಮುಖ ಮಾಡಿ ನಿಂತಿದ್ದ. ಮುಖದ ತುಂಬ ನೀರಿಳಿಯುತ್ತಿತ್ತು, ಬೆವರೋ ಕಣ್ಣೀರೋ ತಿಳಿಯಲಿಲ್ಲ. "ಏಳ್ರೀ! ಕೆರಿ ಒಡಿಯಾಕ ಹತ್ತೇತಿ! ಕೂಸು ಎತ್ತಿಕೊಂಡು ದಂಡಿ ಹತ್ತ್ರಿ! ಕುರಿ ಬಿಡ್ರಿ, ಕುರಿ ಹಾಳಾಗಿ ಹೋಗ್ಲಿ!" ಎಂದು ಅವನು ಕೂಗಿದಾಗ ಯಾರೂ ಏನು, ಯಾಕೆ ಎಂದು ಕೇಳಲಿಲ್ಲ. ಅವನು ನಿಂತದ್ದೇ ಸಾಕಾಗಿತ್ತು. ಜೋಲಿಗಳನ್ನು ಹರಿದು ಕೂಸುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದೆನೋ ಬಿದ್ದೆನೋ ಎಂದು ದಡದ ಬಂಡೆ ಹತ್ತಿದರು. ಗಾದಿಲಿಂಗ ಬೀರವ್ವನನ್ನು ಬೆನ್ನಿಗೆ ಹಾಕಿಕೊಂಡು ಕೊನೆಗೆ ಹತ್ತಿದ. ಅಷ್ಟರಲ್ಲಿ ಮೇಲಿನಿಂದ ಗುಡುಗಿನ ಸದ್ದು ಬಂತು, ಹಿಂದೆಯೇ ಕೆಂಪು ನೀರು ಆಳೆತ್ತರ ಎದ್ದು ಬಂತು. ಹೊಂಗೆ ಮರ ಬೇರುಸಹಿತ ಹೋಯಿತು, ಕುರಿ ಹೋದವು, ತಾಮ್ರದ ಕೊಡವೂ ಹೋಯಿತು. ಮನುಷ್ಯರಲ್ಲಿ ಒಬ್ಬರೂ ಹೋಗಲಿಲ್ಲ, ಕುಂಟುತ್ತ ಏರಿಯ ತುದಿಗೆ ಸರಿದಿದ್ದ ದ್ಯಾವಪ್ಪನೂ ಉಳಿದ.

ಬೀರವ್ವ ಅವನ ಕಾಲಿಗೆ ಬೀಳಲು ಬಗ್ಗಿದಳು. ಅವನು ಅಲ್ಲಿರಲೇ ಇಲ್ಲ. ಬಂಡೆಯಿಂದ ಬಂಡೆಗೆ ಹಾರಿ, ಕೆರೆಯನ್ನು ಬಳಸಿ, ಕಡ್ಲಿಹಾಳದ ಕಡೆ ಓಡುತ್ತಿದ್ದ. ಆ ಓಟದಲ್ಲಿ ಹರಕೆಯಿಲ್ಲ, ಕೊಡವಿಲ್ಲ. ನಾನೇ ಕೊಂದೆ, ನಾನೇ ನನ್ನ ಕೈಯಾರೆ ಕೊಂದೆ ಎಂದುಕೊಳ್ಳುತ್ತ ಊರು ಮುಟ್ಟಿದ. ಮನೆ ಕಂಡಿತು, ಬಾಗಿಲು ತೆರೆದಿತ್ತು, ಹೊರಗೆ ಯಾರೂ ಇರಲಿಲ್ಲ. ಹೊಸ್ತಿಲ ಬಳಿ ಬಂದವನಿಗೆ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಆಗ ಒಳಗಿನಿಂದ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸಪ್ಪಳ ಬಂತು. ನೆರೆಯವಳಾರೋ ಸಾವಿನ ಮನೆಗೆ ರೊಟ್ಟಿ ಮಾಡಲು ಬಂದಿರಬೇಕು ಎಂದೇ ಅವನ ಮನಸ್ಸು ಹೇಳಿತು, ಪಾಪ. ಗೋಡೆಗೆ ತಲೆ ಆನಿಸಿ ನಿಂತ. ಹಿಟ್ಟಿನ ಕೈಯಲ್ಲೇ ಹಂಪವ್ವ ಹೊರಗೆ ಬಂದಳು. "ಯಾಕ ಯಪ್ಪಾ, ಇಷ್ಟ ಲಗೂನ ಬಂದಿ? ಪಲ್ಲೆ ಇನ್ನಾ ಆಗಿಲ್ಲ" ಎಂದಳು. ಗಾದಿಲಿಂಗ ಅಲ್ಲೇ ಕುಸಿದು, ಓಣಿಯೆಲ್ಲ ಕೇಳುವಂತೆ ಅತ್ತುಬಿಟ್ಟ. ಅಂದಿನಿಂದ ವಾರವಿಡೀ ಮಗಳ ಮಗ್ಗುಲಲ್ಲಿ ಕೂತು ಅವಳ ಉಸಿರನ್ನೇ ಕಾದ. ಉಸಿರು ಎಂದಿನಂತೆಯೇ ಬರುತ್ತಿತ್ತು, ಹೋಗುತ್ತಿತ್ತು.

ಮುಂದಿನ ಸೋಮವಾರ ಅವನು ಬರಿಗೈಯಲ್ಲಿ ನಡೆದುಕೊಂಡೇ ಗವಿಗೆ ಹೋದ. ಮರುಳಯ್ಯನವರಿಗೆ ಆಗಲೇ ಹಣ್ಣು ಹಣ್ಣು ವಯಸ್ಸು. "ಅಜ್ಜಾರ, ನಾ ನಿಂತೆ. ಮಗಳು ಅದಾಳ. ಗವಿಯಪ್ಪ ಸಿಟ್ಟು ಯಾವಾಗ ತೀರಿಸಿಕೊಳ್ತಾನ, ಅದನ್ನರ ಹೇಳ್ರಿ" ಎಂದು ಕೈಮುಗಿದ. ಮರುಳಯ್ಯನವರು, "ಆ ಮಾತು ಗವಿಯಪ್ಪ ಹೇಳಿದ್ದಲ್ಲೋ ಮಗನ. ನಾ ಹೇಳಿದ್ದು. ಕೂಸು ಬದುಕಿತು, ನೀ ಹರಕಿ ಮರೀಬಾರ್ದು ಅಂತ ಹೆದರಿಸಿ ಇಟ್ಟೆ" ಎಂದರು. ಗಾದಿಲಿಂಗ ಹಿಗ್ಗಬೇಕಿತ್ತು. ಮಗಳು ತನ್ನ ಕಾಲಿನ ಹಂಗಿಲ್ಲದೆ ಉಸಿರಾಡುತ್ತಿದ್ದಳಲ್ಲ. ಆದರೆ ಅವನ ಮುಖ ಬೂದಿಯಾಯಿತು. ಅವನು ಕೇಳಿದ್ದು ಒಂದೇ ಮಾತು: "ಹಂಗಾರ, ಆ ಜಾಲಿಗಿಡದ ಬುಡಕ ನಾ ನಿಲ್ಲಬಹುದಿತ್ತೇನ್ರಿ?"

ಆ ಬಸುರಿಯ ಸಂಗತಿಯನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದ. ಇಬ್ಬರೂ ಗವಿಯಲ್ಲಿ ಕೂತು ಅತ್ತರು ಎನ್ನುತ್ತಾರೆ. ಹರಕೆಯ ಹಗ್ಗ ಹರಿದ ಮೇಲೂ ಗಾದಿಲಿಂಗ ನೀರು ಹೊರುವುದನ್ನು ಬಿಡಲಿಲ್ಲ. ಹೊಸ ಕೊಡ ತಂದ, ಮತ್ತೆ ಓಡಿದ. ಆದರೆ ಇನ್ನು ಮುಂದೆ ಹೋಗುವ ಕಾಲು, ಬರುವ ಕಾಲು ಎಂಬ ಭೇದವಿರಲಿಲ್ಲ, ಯಾರು ಕರೆದರೂ ನಿಂತ. ಕೆಲವು ಸೋಮವಾರ ಗವಿ ಮುಟ್ಟುವಾಗ ಸಂಜೆಯಾಗುತ್ತಿತ್ತು, ಮರುಳಯ್ಯನವರು ಲಿಂಗವನ್ನು ಒಣಗಿಸಿಕೊಂಡೇ ಕಾಯುತ್ತಿದ್ದರು. ಓಡಿದ್ದಕ್ಕೆ ಜನ ಅವನಿಗೆ ಯಾವ ಹೆಸರೂ ಇಟ್ಟಿರಲಿಲ್ಲ. ನಿಂತದ್ದಕ್ಕೆ ನಿಂತಪ್ಪ ಎಂದರು, ಅವನು ಹೋದ ಮೇಲೆ ಗುಡ್ಡವನ್ನೂ ಹಾಗೇ ಕರೆದರು.

ಈಗಲೂ ಸೋಮವಾರ ಹೋದರೆ ಹೊಳೆಯಿಂದ ಕೊಡ ಹೊತ್ತು ಬರುವವರನ್ನು ನೋಡಬಹುದು. ಹಳ್ಳದ ನಡುವೆ ಒಂದು ಗಿಡ್ಡ ಕಲ್ಲು ನೆಟ್ಟಿದೆ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ, ಗಂಟೆಯನ್ನು ಅಂಗೈಯಲ್ಲಿ ಅದುಮಿ ಹಿಡಿದು, ಕಣ್ಣು ಬಿಟ್ಟು ಸುತ್ತ ನೋಡುತ್ತ, "ಯಾರಿಗರ ಏನರ ಬೇಕಾಗಿತ್ತೇನ್ರೀ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ಬೇಸಿಗೆಯಲ್ಲಿ ಕುರಿ ಕಾಯುವವರೋ, ಸುಸ್ತಾದ ದಾರಿಹೋಕರೋ, "ಕುಡಿಯಾಕ ಒಂದೀಟು ನೀರು" ಎನ್ನುವುದುಂಟು. ಆಗ ಕೊಡ ಅಲ್ಲೇ ಬರಿದಾಗುತ್ತದೆ. ಬರಿಗೊಡ ಹೊತ್ತವರು ಹಿಂದಿರುಗದೆ ಗುಡ್ಡ ಹತ್ತಿ, ಅದನ್ನೇ ಲಿಂಗದ ಮೇಲೆ ಬಗ್ಗಿಸುತ್ತಾರೆ. ನೀರೆಲ್ಲಿ ಎಂದು ಪೂಜಾರಿ ಕೇಳುವುದಿಲ್ಲ, ಮಂಗಳಾರತಿ ಎತ್ತುತ್ತಾನೆ.